ಮೀಟರ್‌ನಲ್ಲಿ 1% ಆಕ್ಸಿಜನ್, ಬ್ಲಾಟ್‌ನಲ್ಲಿ ಎಚ್‌ಐಎಫ್ ಬ್ಯಾಂಡ್ ಇಲ್ಲ. ಎಲ್ಲಿ ಹುಡುಕಲಿ?

ಕುಕ್ಕರಹಳ್ಳಿ_ಕೆರೆ:
ನಮಸ್ಕಾರ. ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂಳೆಮಜ್ಜೆಯ ಮೆಸೆಂಕೈಮಲ್ ಸ್ಟೆಮ್ ಸೆಲ್ಸ್ ನನ್ನ ವಿಷಯ. ಹೃದಯಾಘಾತವಾದ ಜಾಗಕ್ಕೆ ಚುಚ್ಚಿದ ಸೆಲ್ಸ್‌ನಲ್ಲಿ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಸಾಯುತ್ತವೆ. ಅಲ್ಲಿ ರಕ್ತವೂ ಸಾಲದು, ಆಕ್ಸಿಜನ್ನೂ ಸಾಲದು. ಅದಕ್ಕೇ ಚುಚ್ಚುವ ಮುಂಚೆ 24 ಗಂಟೆ ಕಡಿಮೆ ಆಕ್ಸಿಜನ್‌ನಲ್ಲಿಟ್ಟು ಪಳಗಿಸಬೇಕು ಅಂತ ಯೋಜನೆ.

ಚೇಂಬರ್‌ಗೆ 1% ಆಕ್ಸಿಜನ್, 5% ಕಾರ್ಬನ್ ಡೈಆಕ್ಸೈಡ್, ಉಳಿದದ್ದು ನೈಟ್ರೋಜನ್. ಟಿ-25 ಫ್ಲಾಸ್ಕ್, ಫಿಲ್ಟರ್ ಮುಚ್ಚಳ, 10 ಎಂಎಲ್ ಮೀಡಿಯಾ. ಮರುದಿನ ಹೊರಗೆ ತೆಗೆದು, ಹುಡ್‌ನಲ್ಲಿ ಪಿಬಿಎಸ್‌ನಿಂದ ತೊಳೆದು, ಟ್ರಿಪ್ಸಿನ್ ಹಾಕಿ ತಳದಿಂದ ಎಬ್ಬಿಸಿ, ಸ್ಪಿನ್ ಮಾಡಿ, ಆಮೇಲೆ ಲೈಸಿಸ್ (ಸೆಲ್ಸ್ ಒಡೆಯುವುದು) ಮಾಡುತ್ತೇನೆ. ಎಚ್‌ಐಎಫ್-1 ಆಲ್ಫಾ (ಆಕ್ಸಿಜನ್ ಕಡಿಮೆಯಾದಾಗ ಸೆಲ್ಸ್‌ನಲ್ಲಿ ಹೆಚ್ಚುವ ಪ್ರೋಟೀನ್) ಬ್ಯಾಂಡ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನ್ ಪತ್ತೆ ಪರೀಕ್ಷೆಯಲ್ಲಿ, ಬರುತ್ತಲೇ ಇಲ್ಲ. ಕ್ಯುಪಿಸಿಆರ್‌ನಲ್ಲೂ (ಜೀನ್‌ನ ಆರ್‌ಎನ್‌ಎ ಅಳೆಯುವ ಪರೀಕ್ಷೆ) ಅದು ಏರಿಲ್ಲ. ಎಚ್‌ಐಎಫ್ ಏರಿಸಬೇಕಾದ ವಿಇಜಿಎಫ್ ಜೀನ್ ಸ್ವಲ್ಪ ಮಾತ್ರ ಏರಿದೆ. ಮೀಡಿಯಾ ಮಾತ್ರ ಕಂಟ್ರೋಲ್‌ಗಿಂತ ಜಾಸ್ತಿ ಹಳದಿಯಾಗಿದೆ, ಕಂಟ್ಯಾಮಿನೇಷನ್ ಇಲ್ಲ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆಯಲ್ಲ, ಆಕ್ಸಿಜನ್ ಮೀಟರ್ ಅದಕ್ಕೇ ತಪ್ಪು ತೋರಿಸುತ್ತಿದೆಯಾ?

ಪೆಟ್ರಿಡಿಶ್:
ಎತ್ತರವನ್ನು ಬಿಟ್ಟುಬಿಡಿ. ನಮ್ಮಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ 8% ಆಸುಪಾಸು ಕಡಿಮೆ, ಅಷ್ಟೇ. ಅದರಿಂದ ಆಕ್ಸಿಜನ್ ಇನ್ನೂ ಸ್ವಲ್ಪ ಕಡಿಮೆ ಸಿಗುತ್ತದೆ, ಬ್ಯಾಂಡ್ ಮಾಯವಾಗುವುದಿಲ್ಲ.

ಹಳದಿ ಬಣ್ಣವೇ ನಿಮಗೆ ಸುಳಿವು. ಆಕ್ಸಿಜನ್ ಕಡಿಮೆಯಾದಾಗ ಸೆಲ್ಸ್ ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲದವರೆಗೆ ಒಡೆದು ಬದುಕುತ್ತವೆ, ಮೀಡಿಯಾ ಹುಳಿಯಾಗುತ್ತದೆ. ಅಂದರೆ ಗ್ಯಾಸ್ ಬಹುಶಃ ಸರಿ ಇದೆ. ನನ್ನ ಅನುಮಾನ ಎಲ್ಲಾ ಆ ಟ್ರಿಪ್ಸಿನ್ ಮೇಲೆ.

ಎಚ್‌ಐಎಫ್-1 ಆಲ್ಫಾ ಸೆಲ್‌ನಲ್ಲಿ ಸದಾ ತಯಾರಾಗುತ್ತಲೇ ಇರುತ್ತದೆ. ಆಕ್ಸಿಜನ್ ಇದ್ದರೆ ಪ್ರೊಲೈಲ್ ಹೈಡ್ರಾಕ್ಸಿಲೇಸ್ ಅನ್ನೋ ಎಂಜೈಮ್ ಅದಕ್ಕೆ ಗುರುತು ಹಾಕುತ್ತದೆ, ಗುರುತು ಬಿದ್ದದ್ದು ನಾಶ. ಗಾಳಿಗೆ ಬಂದ ಐದೇ ನಿಮಿಷದಲ್ಲಿ ಅರ್ಧ ಹೋಗಿರುತ್ತದೆ. ನೀವು ತೊಳೆದು, ಎಬ್ಬಿಸಿ, ಸ್ಪಿನ್ ಮಾಡುವಷ್ಟರಲ್ಲಿ ಏನು ಉಳಿಯುತ್ತದೆ ಹೇಳಿ? ಟ್ರಿಪ್ಸಿನ್ ಬೇಡವೇ ಬೇಡ. ಸಾಧ್ಯವಾದರೆ ಚೇಂಬರ್ ಒಳಗೇ, ಇಲ್ಲದಿದ್ದರೆ ಹೊರಗೆ ತೆಗೆದ ಕೂಡಲೇ ಐಸ್ ಮೇಲಿಟ್ಟು, ತಣ್ಣಗಿನ ಲೈಸಿಸ್ ಬಫರ್ ನೇರವಾಗಿ ಫ್ಲಾಸ್ಕ್‌ಗೆ ಹಾಕಿ ಕೆರೆದು ತೆಗೆಯಿರಿ.

ಕ್ಯುಪಿಸಿಆರ್‌ನಲ್ಲಿ ಎಚ್‌ಐಎಫ್ ಏರದೇ ಇರುವುದು ತಪ್ಪೇ ಅಲ್ಲ. ಏರುವುದು ಪ್ರೋಟೀನ್, ಆರ್‌ಎನ್‌ಎ ಅಲ್ಲ. ಅದರ ಬದಲು ಎಚ್‌ಐಎಫ್ ಏರಿಸುವ ಇನ್ನೊಂದು ಜೀನ್ ಗ್ಲೂಟ್-1 ನೋಡಿ. ಆಂಟಿಬಾಡಿ ಬಗ್ಗೆ ಅನುಮಾನ ಇದ್ದರೆ ಸಾಮಾನ್ಯ ಇನ್‌ಕ್ಯುಬೇಟರ್‌ನಲ್ಲೇ ಒಂದು ಫ್ಲಾಸ್ಕ್‌ಗೆ 100 ಮೈಕ್ರೋಮೋಲಾರ್ ಕೋಬಾಲ್ಟ್ ಕ್ಲೋರೈಡ್ ಹಾಕಿ. ಆ ಎಂಜೈಮನ್ನು ಅದು ತಡೆಯುತ್ತದೆ. ಆ ಲೇನ್‌ನಲ್ಲಿ ಬ್ಯಾಂಡ್ ಬಂದು ನಿಮ್ಮ ಲೇನ್‌ನಲ್ಲಿ ಬರದಿದ್ದರೆ ಆಂಟಿಬಾಡಿ ನಿರ್ದೋಷಿ. ಬ್ಯಾಂಡನ್ನು 110-120 ಕೆಡಿಎ (ಪ್ರೋಟೀನ್ ತೂಕದ ಅಳತೆ) ಹತ್ತಿರ ಹುಡುಕಿ. ಲೆಕ್ಕದ ತೂಕ 93, ಆದರೆ ಜೆಲ್‌ನಲ್ಲಿ ಮೇಲೆಯೇ ನಿಲ್ಲುತ್ತದೆ.

ಮಂಡ್ಯ_ಬಯೋಟೆಕ್:
ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಟಿ-25ಗೆ 10 ಎಂಎಲ್ ಅಂದರೆ 4 ಮಿಲಿಮೀಟರ್ ಎತ್ತರ. ಆಕ್ಸಿಜನ್ ಈ ನೀರಿನ ಪದರ ದಾಟಿ ಹೊರಹೋಗಬೇಕು. ಎತ್ತರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. 5 ಎಂಎಲ್ ಸಾಕು. ಮೀಡಿಯಾವನ್ನು ಹಿಂದಿನ ರಾತ್ರಿಯೇ ಚೇಂಬರ್‌ನಲ್ಲಿ ತೆರೆದಿಟ್ಟರೆ ಇನ್ನೂ ಒಳ್ಳೆಯದು. ಮೀಟರ್ ಅಳೆಯುವುದು ಗಾಳಿಯನ್ನು, ಸೆಲ್ಸ್ ಕೂತಿರುವುದು ತಳದಲ್ಲಿ.

ಆಮೇಲೆ, ಕ್ಯುಪಿಸಿಆರ್‌ಗೆ ಗ್ಯಾಪ್‌ಡಿಎಚ್ ಅನ್ನೇ ರೆಫರೆನ್ಸ್ (ಹೋಲಿಕೆಗೆ ಬಳಸುವ, ಬದಲಾಗಬಾರದ ಜೀನ್) ಇಟ್ಟುಕೊಂಡಿದ್ದೀರಾ? ಅದು ಗ್ಲೂಕೋಸ್ ಒಡೆಯುವ ದಾರಿಯದ್ದೇ ಜೀನ್. ಕಡಿಮೆ ಆಕ್ಸಿಜನ್‌ನಲ್ಲಿ ಅದೂ ಏರುತ್ತದೆ. ನಿಮ್ಮ ವಿಇಜಿಎಫ್ ಸುಮ್ನೆ ಕಮ್ಮಿ ಕಾಣುತ್ತಿರಬಹುದು. 18ಎಸ್ ಆರ್‌ಎನ್‌ಎ ಜೊತೆ ಹೋಲಿಸಿ ನೋಡಿ. ಸಿಲಿಂಡರ್ ಗ್ಯಾಸ್ ಒಣಗಿರುತ್ತದೆ, ಚೇಂಬರ್‌ನಲ್ಲಿ ಸ್ಟೆರೈಲ್ ನೀರಿನ ತಟ್ಟೆ ಮರೆಯಬೇಡಿ.

ಒಂಟಿಕೊಪ್ಪಲ್:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ತಂದೆಗೆ ಹಾರ್ಟ್ ಅಟ್ಯಾಕ್ ಆಗಿದೆ. ಈ ಸ್ಟೆಮ್ ಸೆಲ್ ಚಿಕಿತ್ಸೆ ಎಲ್ಲಿ ಸಿಗುತ್ತದೆ? ಒಬ್ಬರು ಲಕ್ಷಗಟ್ಟಲೆ ಕೇಳುತ್ತಿದ್ದಾರೆ.

ಪೆಟ್ರಿಡಿಶ್:
ದುಡ್ಡು ಕೊಡಬೇಡಿ ಸರ್. ಇಲ್ಲಿ ಮಾತಾಡುತ್ತಿರುವುದು ಇನ್ನೂ ಲ್ಯಾಬ್ ಹಂತದ ಕೆಲಸ. 2017ರ ಐಸಿಎಂಆರ್-ಡಿಬಿಟಿ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವಂಥ ಸ್ಟೆಮ್ ಸೆಲ್ ಕಸಿ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಟ್ರಯಲ್ ಅಂದರೆ ದೇಶದ ಟ್ರಯಲ್‌ಗಳ ದಾಖಲೆಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಇರುತ್ತದೆ. ಮೊದಲು ಅದನ್ನು ಕೇಳಿ. ತಂದೆಯವರ ಮಾತ್ರೆಗಳನ್ನು ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಕುಕ್ಕರಹಳ್ಳಿ_ಕೆರೆ:
ಕೋಬಾಲ್ಟ್ ಲೇನ್‌ನಲ್ಲಿ ದಪ್ಪ ಬ್ಯಾಂಡ್ ಬಂತು. ಐಸ್ ಮೇಲೆ ನೇರ ಲೈಸಿಸ್ ಮಾಡಿದ 1% ಸ್ಯಾಂಪಲ್‌ನಲ್ಲೂ ಬಂತು, ಆದರೆ ತೆಳುವಾಗಿ. 5 ಎಂಎಲ್‌ಗೆ ಇಳಿಸಿದ್ದೇನೆ, 18ಎಸ್ ಪ್ರೈಮರ್ ಆರ್ಡರ್ ಮಾಡಿದ್ದೇನೆ. 24 ಗಂಟೆಗೆ ತೆಳುವಾಗುವುದು ಸಹಜವಾ?

ಪೆಟ್ರಿಡಿಶ್:
ಸಹಜವೇ. ಎಷ್ಟೋ ಬಗೆಯ ಸೆಲ್ಸ್‌ನಲ್ಲಿ ಅದು ಮೊದಲ ಕೆಲವು ಗಂಟೆಗಳಲ್ಲಿ ಏರಿ ಆಮೇಲೆ ಇಳಿಯುತ್ತದೆ. ಎಚ್‌ಐಎಫ್ ತನ್ನನ್ನೇ ನಾಶ ಮಾಡುವ ಎಂಜೈಮನ್ನೂ ಜಾಸ್ತಿ ಮಾಡಿಕೊಳ್ಳುತ್ತದೆ. 4, 8, 24 ಗಂಟೆಗೆ ಒಂದೊಂದು ಫ್ಲಾಸ್ಕ್ ತೆಗೆದು ಓಡಿಸಿ. ಒಂದೊಂದಕ್ಕೂ ಬೇರೆ ಚೇಂಬರ್ ಇದ್ದರೆ ಒಳ್ಳೆಯದು, ಬಾಗಿಲು ತೆಗೆದಾಗಲೆಲ್ಲ ಉಳಿದವಕ್ಕೂ ಗಾಳಿ ಹೋಗುತ್ತದೆ ಅಲ್ವಾ.