ಸಹಾಯ ಬೇಕು: ನಾನೇ ಬರೆದ ಅಸೈನ್‌ಮೆಂಟನ್ನು ‘ಎಐ ಬರಹ’ವೆಂದು ತಿರಸ್ಕರಿಸಿದ್ದಾರೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಸಮೀಪದ ಹಳ್ಳಿಯಲ್ಲಿದ್ದು, ದೂರಶಿಕ್ಷಣದ ಮೂಲಕ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಸಹಕಾರಿ ಸಂಘಗಳ ಅಡಿಕೆ ಟೆಂಡರ್ ಕುರಿತು ಕನ್ನಡದಲ್ಲಿ ಬರೆದು ಕಳುಹಿಸಿದ ಅಸೈನ್‌ಮೆಂಟಿನ ಬಹುಭಾಗ ಕೃತಕ ಬುದ್ಧಿಮತ್ತೆಯದ್ದೆಂದು ತಂತ್ರಾಂಶವೊಂದು ತೋರಿಸಿದ ಕಾರಣಕ್ಕೆ, ವಿಶ್ವವಿದ್ಯಾಲಯವು ಅದನ್ನು ತಿರಸ್ಕರಿಸಿದೆ. ಅಡಿಕೆಯ ವಿಧಗಳಾದ ಚಾಲಿ, ರಾಶಿ, ಬೆಟ್ಟೆಗಳ ದರ ಏಕೆ ಬೇರೆಬೇರೆಯಾಗುತ್ತದೆ ಎಂಬುದನ್ನು ಟೆಂಡರ್ ನಡೆಯುವಲ್ಲೇ ನಿಂತು ಕೇಳಿ ಬರೆದುಕೊಂಡ ನೋಟ್‌ಬುಕ್, ಅಡಿಕೆ ಚೊಗರಿನ ಕಲೆಯ ಪುಟಗಳ ಸಮೇತ, ನನ್ನ ಬಳಿ ಇದೆ.

ಅದರ ಫೋಟೋಗಳನ್ನೂ ಗೂಗಲ್ ಡಾಕ್ಸ್‌ನಲ್ಲಿ ದಿನವಾರು ಉಳಿದಿರುವ ತಿದ್ದುಪಡಿಗಳ ದಾಖಲೆಯನ್ನೂ ಅಧ್ಯಯನ ಕೇಂದ್ರಕ್ಕೆ ಇಮೇಲ್ ಮಾಡಿದೆ, ಖುದ್ದಾಗಿಯೂ ವಿಚಾರಿಸಿದೆ. ವರದಿಯೇ ಅಂತಿಮ ಎಂಬುದಷ್ಟೇ ಉತ್ತರ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಕಡಿಮೆಯೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿರುವಾಗ, ಕನ್ನಡ ಬರಹಕ್ಕೆ ಇಂಥದೊಂದು ವರದಿಯನ್ನೇ ನಂಬಿ ಅಂಕ ತಡೆಯುವುದು ಅನ್ಯಾಯವೆಂದೇ ನನ್ನ ಭಾವನೆ.

ನನಗಿರುವ ಗೊಂದಲ ಇಷ್ಟು: ಮರುಪರಿಶೀಲನೆಯ ಅರ್ಜಿಯನ್ನು ಮೊದಲು ಮೌಲ್ಯಮಾಪನ ಕುಲಸಚಿವರಿಗೆ ಸಲ್ಲಿಸಬೇಕೋ ಅಥವಾ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಾವಳಿಯಂತೆ ರಚನೆಯಾಗುವ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೋ? ತಂತ್ರಾಂಶದ ವರದಿಯ ಪ್ರತಿಯನ್ನೂ ಮೌಖಿಕ ಪರೀಕ್ಷೆಯನ್ನೂ ಅದೇ ಅರ್ಜಿಯಲ್ಲಿ ಕೇಳಬಹುದೇ? ಇಂಥ ಪ್ರಕರಣದಲ್ಲಿ ಅರ್ಜಿ ಕೊಟ್ಟು ಅಂಕ ಪಡೆದವರಿದ್ದರೆ, ಯಾವ ದಾಖಲೆಯನ್ನು ಒಪ್ಪಿದರೆಂದು ದಯವಿಟ್ಟು ತಿಳಿಸಿ.