ಸಹಾಯ ಬೇಕು: ಅಮ್ಮನ ಜಠರದ ಗಡ್ಡೆಗೆ ಯಾವ ಆಪರೇಷನ್?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಸುಸ್ತು ಜಾಸ್ತಿ ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8 ಇತ್ತು. ಎಂಡೋಸ್ಕೋಪಿಯಲ್ಲಿ ಜಠರದೊಳಗೆ 3 ಸೆಂಟಿಮೀಟರ್ ಗಡ್ಡೆ ಕಂಡಿತು. ಪರದೆ ಮೇಲೆ ನಾನೂ ನೋಡಿದೆ: ನಯವಾದ ಉಬ್ಬು, ನಡುವೆ ಸಣ್ಣದೊಂದು ಹುಣ್ಣು. ಮೊದಲ ಬಯಾಪ್ಸಿಯಲ್ಲಿ ಏನೂ ಸಿಗಲಿಲ್ಲ. ಗಡ್ಡೆ ಇದ್ದದ್ದು ಒಳಪದರದ ಕೆಳಗೆ, ಚಿಮಟಕ್ಕೆ ಸಿಕ್ಕಿದ್ದು ಮೇಲಿನ ಪದರ ಮಾತ್ರ. ಆಮೇಲೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ಚೂರು ತೆಗೆದರು. ಗಡ್ಡೆ ಯಾವ ಬಗೆಯದು ಅಂತ ತಿಳಿಸುವ ಪ್ರೋಟೀನ್ ಗುರುತುಗಳಲ್ಲಿ ಎಸ್100 ಪಾಸಿಟಿವ್, ಸಿಡಿ117 ಮತ್ತು ಡಾಗ್1 ನೆಗೆಟಿವ್. ಅಂದರೆ ಜಿಸ್ಟ್ (ಜಠರದ ಗೋಡೆಯಲ್ಲಿ ಹುಟ್ಟುವ, ಕ್ಯಾನ್ಸರ್ ಆಗಬಲ್ಲ ಗಡ್ಡೆ) ಅಲ್ಲ, ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮಾ. ಕ್ಯಾನ್ಸರ್ ಅಲ್ಲ ಅಂತ ಕೇಳಿ ಅಮ್ಮ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ರಕ್ತ ಸೋರುತ್ತಿದೆ, ಹಾಗಾಗಿ ತೆಗೆಸಲೇಬೇಕು. ಒಬ್ಬ ಸರ್ಜನ್ ಲ್ಯಾಪ್ರೋಸ್ಕೋಪಿಯಲ್ಲಿ ಗಡ್ಡೆಯನ್ನೂ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು, ಗಡ್ಡೆ ಪೈಲೋರಸ್ (ಜಠರದಿಂದ ಸಣ್ಣ ಕರುಳಿಗೆ ಹೋಗುವ ದ್ವಾರ) ಹತ್ತಿರ ಇದೆ, ಅಷ್ಟೇ ಕತ್ತರಿಸಿ ಹೊಲಿದರೆ ದಾರಿ ಕಿರಿದಾಗಬಹುದು, ಜಠರದ ಕೆಳಭಾಗವನ್ನೇ ತೆಗೆಯೋಣ ಅನ್ನುತ್ತಾರೆ. ಕ್ಯಾನ್ಸರ್ ಅಲ್ಲದ ಗಡ್ಡೆಗೆ ಅಷ್ಟೊಂದು ತೆಗೆಯಬೇಕಾ ಅನ್ನುವುದೇ ನನ್ನ ಸಂಕಟ.

ಪೈಲೋರಸ್ ಹತ್ತಿರದ ಗಡ್ಡೆ ತೆಗೆಸಿಕೊಂಡವರು ಯಾರಾದರೂ ಇದ್ದೀರಾ? ಯಾವ ಆಪರೇಷನ್ ಆಯ್ತು? ಊಟ ಸರಿಹೋಗಲು ಎಷ್ಟು ದಿನ ಬೇಕಾಯ್ತು? ಸರ್ಜನ್ ಹತ್ತಿರ ಇನ್ನೇನು ಕೇಳಬೇಕು? ದಯವಿಟ್ಟು ತಿಳಿಸಿ.