ರಸ್ಟ್ ಎನ್‌ಡಿಅರೇ: ಒಂದೇ ಅರೇಯಿಂದ ಅಕ್ಕಪಕ್ಕದ ಸಾಲು ಒಟ್ಟಿಗೆ ತೆಗೆದರೆ ಇ0502, ಇ0499 ಎರರ್

ಹೊಸಬ_ರಸ್ಟ್

ನಮಸ್ಕಾರ. ಫೋನಿನಿಂದ ಬರೆಯುತ್ತಿದ್ದೇನೆ, ಹಾಗಾಗಿ ಕೋಡ್ ಹಾಕದೆ ಬಾಯಿಮಾತಿನಲ್ಲೇ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಲೋಹದ ತಗಡಿನ ಮೇಲೆ ಬಿಸಿ ಹೇಗೆ ಹರಡುತ್ತದೆ ಅಂತ ತೋರಿಸುವ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇನೆ. ಮೊದಲು ಪೈಥಾನಿನ ನಂಪೈಯಲ್ಲಿ ಬರೆದಿದ್ದೆ, ಈಗ ರಸ್ಟ್ ಭಾಷೆಗೆ ತರುತ್ತಿದ್ದೇನೆ. ಅರೇಗಳಿಗೆ ಅಲ್ಲಿನ ಎನ್‌ಡಿಅರೇ ಲೈಬ್ರರಿ ಬಳಸುತ್ತಿದ್ದೇನೆ. 1024 ಸಾಲು, 1024 ಕಾಲಂ, ಎಲ್ಲವೂ ಎಫ್64 (8 ಬೈಟಿನ ದಶಮಾಂಶ ಸಂಖ್ಯೆ). ಸೂತ್ರ ಸುಲಭ: ನಾಲ್ಕು ನೆರೆಮನೆಗಳ ಮೊತ್ತದಿಂದ ನಮ್ಮ ಮನೆಯ ನಾಲ್ಕು ಪಟ್ಟು ಕಳೆಯಬೇಕು, ಅದನ್ನು 0.2ರಿಂದ ಗುಣಿಸಿ ನಮ್ಮ ಮನೆಗೆ ಸೇರಿಸಬೇಕು.

ಒಂದು ಫಂಕ್ಷನ್ ಇದೆ. ಅದಕ್ಕೆ ಮೇಲಿನ ಸಾಲು, ಬರೆಯಬೇಕಾದ ಸಾಲು, ಕೆಳಗಿನ ಸಾಲು, ಮೂರನ್ನೂ ವ್ಯೂ ಆಗಿ, ಅಂದರೆ ನಕಲು ಮಾಡದೆ ಅರೇಯ ಆ ಭಾಗವನ್ನಷ್ಟೇ ತೋರಿಸಿ, ಕೊಡಬೇಕು. ಮೇಲಿನದಕ್ಕೂ ಕೆಳಗಿನದಕ್ಕೂ ‘ರೋ’ (ಓದಲು ಮಾತ್ರ), ನಡುವಿನದಕ್ಕೆ ‘ರೋ_ಮ್ಯೂಟ್’ (ಬರೆಯಲೂ ಬರುತ್ತದೆ) ಹಾಕಿದೆ. ಇ0502 ಬಂತು: ಓದಲು ಎರವಲು ಕೊಟ್ಟಿರುವಾಗ ಬರೆಯಲೂ ಎರವಲು ಕೊಡಲಾಗದು ಅಂತ. ಸರಿ, ಮೂರಕ್ಕೂ ‘ರೋ_ಮ್ಯೂಟ್’ ಹಾಕೋಣ ಅಂದುಕೊಂಡೆ. ಆಗ ಇ0499, ಬರೆಯಲು ಒಟ್ಟಿಗೆ ಎರಡು ಎರವಲು ಆಗದು ಅಂತ! ಕೊನೆಗೆ ಮೇಲಿನ, ಕೆಳಗಿನ ಸಾಲುಗಳನ್ನು ‘ಟು_ಓನ್ಡ್’ ಮಾಡಿ ನಕಲು ತೆಗೆದೆ. ಕಂಪೈಲ್ ಆಯಿತು, ಆದರೆ ಪ್ರತಿ ಸಾಲಿಗೂ ಎರಡು ನಕಲು ಅಂದರೆ ಮನಸ್ಸಿಗೆ ಒಪ್ಪುತ್ತಿಲ್ಲ.

ಮೂರೂ ಬೇರೆ ಬೇರೆ ಸಾಲು. ಒಂದರ ಮೇಲೊಂದು ಬರುವುದೇ ಇಲ್ಲ. ಇಷ್ಟು ಕಂಪೈಲರ್‌ಗೆ ಗೊತ್ತಾಗಲ್ವಾ?

ಸಿ_ಬಿಟ್ಟವಳು

ಗೊತ್ತಾಗುವುದಿಲ್ಲ. ‘ರೋ_ಮ್ಯೂಟ್’ ಒಂದು ಸಾಮಾನ್ಯ ಫಂಕ್ಷನ್, ಅಷ್ಟೆ. ಅದು ಸೆಲ್ಫ್ ಅನ್ನು, ಅಂದರೆ ಇಡೀ ಅರೇಯನ್ನು, ಮ್ಯೂಟಬಲ್ ಆಗಿ ಎರವಲು ಪಡೆಯುತ್ತದೆ. ಕಂಪೈಲರ್ ನೋಡುವುದು ಫಂಕ್ಷನ್ನಿನ ಸಹಿಯನ್ನು ಮಾತ್ರ. ನೀವು ಒಳಗೆ 5 ಕೊಟ್ಟಿರಾ, 6 ಕೊಟ್ಟಿರಾ, ಅದಕ್ಕೆ ಬೇಡ.

ಊರ ಕಡೆಯವರಿಗೆ ಹೀಗೆ ಹೇಳಬಹುದು. ಅಣ್ಣ ಮೇಲಿನ ಹೊಲ ಉಳುತ್ತಾನೆ, ತಮ್ಮ ಕೆಳಗಿನದು. ನಡುವೆ ಬದು ಕೂಡ ಇದೆ. ಆದರೆ ಪಹಣಿಯಲ್ಲಿ ಎಲ್ಲಾ ಒಂದೇ ಸರ್ವೆ ನಂಬರ್. ಕಚೇರಿಯವರು ಬದು ನೋಡುವುದಿಲ್ಲ, ಕಾಗದ ನೋಡುತ್ತಾರೆ. ನೀವು ಮೊದಲು ಪೋಡಿ ಮಾಡಿಸಬೇಕು.

ಎನ್‌ಡಿಅರೇಯಲ್ಲಿ ಪೋಡಿಗೆ ಎರಡು ದಾರಿ.

‘ಮಲ್ಟಿ_ಸ್ಲೈಸ್_ಮ್ಯೂಟ್’: ಬರೆಯಬೇಕಾದ ಸಾಲಿನ ನಂಬರ್ ಐ ಅಂದುಕೊಂಡು, ಒಂದೇ ಕರೆಯಲ್ಲಿ ಐ-1, ಐ, ಐ+1 ಮೂರು ಸ್ಲೈಸ್ ಕೊಡಿ. ಮೂರು ಮ್ಯೂಟಬಲ್ ವ್ಯೂ ಒಟ್ಟಿಗೆ ಸಿಗುತ್ತವೆ. ಅವು ಒಂದರ ಮೇಲೊಂದು ಬಂದರೆ ಪ್ರೋಗ್ರಾಂ ಓಡುವಾಗ ಪ್ಯಾನಿಕ್ ಆಗಿ ನಿಲ್ಲುತ್ತದೆ. ಅಂದರೆ ಕಂಪೈಲರ್ ಮಾಡದ ತಪಾಸಣೆಯನ್ನು ಲೈಬ್ರರಿ ಮಾಡುತ್ತದೆ. ನಿಮಗೆ ಇದೇ ಸಾಕು.

‘ಸ್ಪ್ಲಿಟ್_ಅಟ್’: ಮ್ಯೂಟಬಲ್ ವ್ಯೂ ತೆಗೆದು, ಆಕ್ಸಿಸ್ 0ರಲ್ಲಿ (ಸಾಲುಗಳ ದಿಕ್ಕು) ಐ ಹತ್ತಿರ ಕತ್ತರಿಸಿ. ಕೆಳಗಿನ ತುಂಡನ್ನು ಮತ್ತೆ 1ರ ಹತ್ತಿರ ಕತ್ತರಿಸಿ. ಇಲ್ಲೊಂದು ಹುಷಾರು: ಪೋಡಿ ಆದ ಮೇಲೆ ಹಿಸ್ಸಾ ನಂಬರ್ ಹೊಸದಾಗುವ ಹಾಗೆ, ಪ್ರತಿ ತುಂಡಿನ ಇಂಡೆಕ್ಸ್ ಮತ್ತೆ 0ಯಿಂದ ಶುರು. ಮೂಲ ಅರೇಯ ಐ+1ನೇ ಸಾಲು ಈಗ ಕೊನೆಯ ತುಂಡಿನ 0ನೇ ಸಾಲು. ನಾನು ಇದರಲ್ಲಿ ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಮೂಲೆಮನೆ

ಒಂದು ಸೇರಿಸುತ್ತೇನೆ. ಲೂಪ್ 1ರಿಂದ 1022ರವರೆಗೆ ಮಾತ್ರ ಓಡಲಿ. ಐ ಅನ್ನು ಐಸೈಜ್ (ಮೈನಸ್ ಸಂಖ್ಯೆಯೂ ಹಿಡಿಸುವ ಪೂರ್ಣಾಂಕ) ಮಾಡಿಕೊಂಡಿದ್ದು, ತಪ್ಪಿ 0ಯಿಂದ ಶುರು ಮಾಡಿದರೆ ಐ-1 ಅಂದರೆ -1. ಎನ್‌ಡಿಅರೇಯ ಸ್ಲೈಸ್ ಮ್ಯಾಕ್ರೋದಲ್ಲಿ -1 ಅಂದರೆ ಕೊನೆಯ ಸಾಲು. ಎರರ್ ಬರುವುದಿಲ್ಲ, ಮೇಲಿನ ಅಂಚಿಗೆ ಕೆಳಗಿನ ಅಂಚಿನ ಬಿಸಿ ಸುಮ್ನೆ ಬಂದು ಸೇರುತ್ತದೆ.

ಹೊಸಬ_ರಸ್ಟ್

ಪೋಡಿ ಉದಾಹರಣೆ ತಲೆಗೆ ನೇರ ಹೋಯಿತು, ಥ್ಯಾಂಕ್ಸ್. ಕಲಿಯೋಣ ಅಂತ ‘ಸ್ಪ್ಲಿಟ್_ಅಟ್’ ದಾರಿ ಹಿಡಿದೆ. ಲೂಪಿನ ಹೊರಗೆ ಒಮ್ಮೆ ‘ವ್ಯೂ_ಮ್ಯೂಟ್’ ತೆಗೆದುಕೊಂಡೆ, ಒಳಗೆ ಕತ್ತರಿಸಿದೆ. ಈಗ ಇ0382: ಮೂವ್ ಆದ (ಒಡೆತನ ಬೇರೆಡೆ ಹೋದ) ಮೌಲ್ಯವನ್ನು ಮತ್ತೆ ಬಳಸುತ್ತಿದ್ದೀರಿ ಅಂತ. ವ್ಯೂ ಅಂದರೆ ರೆಫರೆನ್ಸ್ ಇದ್ದ ಹಾಗೆ ಅಲ್ವಾ? ಅದು ಹೇಗೆ ಮೂವ್ ಆಯಿತು?

ಸಿ_ಬಿಟ್ಟವಳು

ರೆಫರೆನ್ಸ್ ಇದ್ದ ಹಾಗೆ, ಆದರೆ ರೆಫರೆನ್ಸೇ ಅಲ್ಲ. ಅದೊಂದು ಸ್ಟ್ರಕ್ಟ್. ಒಳಗೆ ಪಾಯಿಂಟರ್, ಆಕಾರ, ಸ್ಟ್ರೈಡ್ (ಒಂದು ಮನೆಯಿಂದ ಮುಂದಿನದು ಎಷ್ಟು ದೂರ) ಇರುತ್ತವೆ. ನಿಜವಾದ ಮ್ಯೂಟಬಲ್ ರೆಫರೆನ್ಸನ್ನು ಫಂಕ್ಷನ್ನಿಗೆ ಕೊಟ್ಟಾಗ ಕಂಪೈಲರ್ ಹೆಚ್ಚಿನ ಕಡೆ ತಾನೇ ಮರು-ಎರವಲು ಮಾಡಿಕೊಡುತ್ತದೆ. ಸ್ಟ್ರಕ್ಟ್‌ಗೆ ಆ ಸೌಕರ್ಯ ಇಲ್ಲ. ‘ಸ್ಪ್ಲಿಟ್_ಅಟ್’ ವ್ಯೂ ಅನ್ನು ಪೂರ್ತಿ ನುಂಗಿ ಎರಡು ತುಂಡು ವಾಪಸ್ ಕೊಡುತ್ತದೆ. ನುಂಗದೆ ಇದ್ದರೆ ಇಡೀ ಹೊಲದ ಕಾಗದವೂ ತುಂಡಿನ ಕಾಗದವೂ ಒಟ್ಟಿಗೆ ಚಲಾವಣೆಯಲ್ಲಿ ಇರುತ್ತಿದ್ದವು.

ಲೂಪಿನ ಒಳಗೇ ಪ್ರತಿ ಸಲ ‘ವ್ಯೂ_ಮ್ಯೂಟ್’ ಕರೆಯಿರಿ. ಹೊರಗೆ ತೆಗೆದ ವ್ಯೂ ಬೇಕೇ ಬೇಕು ಅಂದರೆ ಅದರ ಮೇಲೆಯೇ ಪ್ರತಿ ಸಲ ‘ವ್ಯೂ_ಮ್ಯೂಟ್’ ಕರೆದು ಆಮೇಲೆ ಕತ್ತರಿಸಿ. ಡೇಟಾ ನಕಲಾಗುವುದಿಲ್ಲ, ಖರ್ಚಿನ ಚಿಂತೆ ಬೇಡ.

ರಾತ್ರಿಪಾಳಿ

ಇಷ್ಟೆಲ್ಲಾ ಯಾಕೆ? ಅನ್‌ಸೇಫ್ ಬ್ಲಾಕ್ (ಸುರಕ್ಷತೆಯ ಹೊಣೆ ನಮ್ಮದೇ) ಹಾಕಿ, ‘ಆ್ಯಸ್_ಮ್ಯೂಟ್_ಪಿಟಿಆರ್’ನಿಂದ ಪಾಯಿಂಟರ್ ತೆಗೆದು, ಇಡೀ ಅರೇಗೆ ಎರಡು ಮ್ಯೂಟಬಲ್ ವ್ಯೂ ಕಟ್ಟಿಕೊಳ್ಳಿ. ಎರಡು ಸಾಲಿನ ಕೆಲಸ.

ಸಿ_ಬಿಟ್ಟವಳು

ದಯವಿಟ್ಟು ಬೇಡ. ಒಂದೇ ಜಾಗಕ್ಕೆ ಎರಡು ಮ್ಯೂಟಬಲ್ ರೆಫರೆನ್ಸ್ ಜೀವಂತ ಇಟ್ಟು ಬಳಸಿದರೆ ಅದು ಅನ್‌ಡಿಫೈನ್ಡ್ ಬಿಹೇವಿಯರ್, ಏನು ಬೇಕಾದರೂ ಆಗಬಹುದು. ಅಂಥ ರೆಫರೆನ್ಸ್‌ಗಳಿಗೆ ಕಂಪೈಲರ್ ಎಲ್‌ಎಲ್‌ವಿಎಂಗೆ (ಕೊನೆಯ ಮಷೀನ್ ಕೋಡ್ ತಯಾರಿಸುವ ಭಾಗ) ‘ನೋಏಲಿಯಾಸ್’, ಅಂದರೆ ಈ ಜಾಗವನ್ನು ಬೇರೆ ದಾರಿಯಿಂದ ಯಾರೂ ಮುಟ್ಟುವುದಿಲ್ಲ, ಅಂತ ಮಾತು ಕೊಟ್ಟಿರುತ್ತದೆ. ಆ ಮಾತನ್ನು ನೀವು ಮುರಿದರೆ ಡೀಬಗ್‌ನಲ್ಲಿ ಸರಿ ಬಂದ ಉತ್ತರ ರಿಲೀಸ್‌ನಲ್ಲಿ ತಪ್ಪಾಗಬಹುದು. ಸುರಕ್ಷಿತ ದಾರಿ ಎದುರಿಗೇ ಇರುವಾಗ ಬೇಲಿ ಯಾಕೆ ಹಾರಬೇಕು? ಹಾರಿಯೇ ತೀರುತ್ತೇನೆ ಅನ್ನುವವರು ಇಂಥ ತಪ್ಪು ಹಿಡಿಯುವ ಮೀರಿ ಅನ್ನುವ ಸಾಧನದಲ್ಲಿ ಒಮ್ಮೆ ಓಡಿಸಿ ನೋಡಲಿ.

ಹೊಸಬ_ರಸ್ಟ್

ಬೇಲಿ ಹಾರಿಲ್ಲ! ಲೂಪಿನ ಒಳಗೆ ವ್ಯೂ ತೆಗೆದೆ, ಕಂಪೈಲ್ ಆಯಿತು. ಆದರೆ ಈಗ ಹೊಸ ತಲೆನೋವು. ನಟ್ಟನಡುವೆ ಒಂದು ಬಿಸಿ ಚುಕ್ಕಿ ಇಟ್ಟರೆ ಬಿಸಿ ಗುಂಡಗೆ ಹರಡಬೇಕು. ಅದು ಬಲಕ್ಕೂ ಕೆಳಕ್ಕೂ ವಾಲುತ್ತಿದೆ. ನಂಪೈಯಲ್ಲಿ ಗುಂಡಗೇ ಬರುತ್ತಿತ್ತು. ಇಂಡೆಕ್ಸ್ ಮೂರು ಸಲ ನೋಡಿದೆ, ಸರಿಯಾಗಿಯೇ ಇದೆ.

ಮೂಲೆಮನೆ

ಇಂಡೆಕ್ಸ್ ತಪ್ಪಲ್ಲ. ನೀವು ಓದುತ್ತಿರುವ ಅರೇಗೇ ಬರೆಯುತ್ತಿದ್ದೀರಿ.

ಐನೇ ಸಾಲಿಗೆ ಬರುವ ಹೊತ್ತಿಗೆ ಐ-1ನೇ ಸಾಲು ಆಗಲೇ ಹೊಸದಾಗಿದೆ. ಎಡಗಡೆಯ ಮನೆಯೂ ಹೊಸದು. ಕೆಳಗಿನದು, ಬಲಗಡೆಯದು ಇನ್ನೂ ಹಳೆಯವು. ಹಾಗಾಗಿ ಒಂದೇ ಸುತ್ತಿನಲ್ಲಿ ನಡುವಿನ ಬಿಸಿ ಚೂರು ಚೂರಾಗಿ ಕೆಳಗಿನ ಅಂಚಿನವರೆಗೂ ಇಳಿಯುತ್ತದೆ. ಮೇಲಕ್ಕೆ ಮಾತ್ರ ಒಂದೇ ಮನೆ. ವಾಲದೆ ಇನ್ನೇನು? ಜಾಗದಲ್ಲೇ ತಿದ್ದುತ್ತಾ ಹೋಗುವುದಕ್ಕೆ ಗೌಸ್-ಸೈಡೆಲ್ ಅನ್ನುತ್ತಾರೆ. ಕೊನೆಗೆ ಬಿಸಿ ಎಲ್ಲಿ ನಿಲ್ಲುತ್ತದೆ ಅಂತ ಮಾತ್ರ ಬೇಕಿದ್ದರೆ ಅದು ಒಳ್ಳೆಯ ದಾರಿಯೇ. ಕ್ಷಣ ಕ್ಷಣದ ಚಿತ್ರ ಬೇಕಿದ್ದರೆ ಆಗದು.

ತಮಾಷೆ ಅಂದರೆ ನಿಮ್ಮ ‘ಟು_ಓನ್ಡ್’ ಕೋಡಿನಲ್ಲೂ ಇದೇ ತಪ್ಪು ಇತ್ತು. ಮೇಲಿನ ಸಾಲು ತಿದ್ದಿ ಮುಗಿದ ಮೇಲೆ ಅದರ ನಕಲು ತೆಗೆಯುತ್ತಿದ್ದಿರಿ. ನಂಪೈಯಲ್ಲಿ ಯಾಕೆ ಸರಿ ಬಂತು ಅಂದರೆ ಅಲ್ಲಿ ನೀವು ಇಡೀ ಸ್ಲೈಸ್‌ಗಳನ್ನು ಕೂಡಿಸಿ ಕಳೆದಿರುತ್ತೀರಿ. ಬಲಗಡೆಯ ಲೆಕ್ಕವೆಲ್ಲಾ ಮೊದಲು ಒಂದು ತಾತ್ಕಾಲಿಕ ಅರೇಯಲ್ಲಿ ಮುಗಿಯುತ್ತದೆ, ಆಮೇಲೆ ವಾಪಸ್ ಬರೆಯಲಾಗುತ್ತದೆ. ಎರಡನೇ ಅರೇ ಅಲ್ಲೂ ಇತ್ತು, ನಿಮಗೆ ಕಾಣಿಸಲಿಲ್ಲ.

ಇಲ್ಲಿ ಅದನ್ನು ಕೈಯಾರೆ ಇಡಿ. ‘ಹಳೆ’ ಮತ್ತು ‘ಹೊಸ’ ಅಂತ ಎರಡು ಅರೇ. ಒಂದೊಂದೂ 8 ಎಂಬಿ, ಒಟ್ಟು 16. ಹಳೆಯದರಿಂದ ಓದಿ, ಹೊಸದಕ್ಕೆ ಬರೆಯಿರಿ. ಸುತ್ತು ಮುಗಿದ ಮೇಲೆ ‘ಮೆಮ್ ಸ್ವಾಪ್’. ಅದು 8 ಎಂಬಿ ಡೇಟಾ ಮುಟ್ಟುವುದಿಲ್ಲ, ಎರಡು ಅರೇಗಳ ತಲೆಬರಹ ಮಾತ್ರ ಅದಲುಬದಲು ಮಾಡುತ್ತದೆ. ಅಂಚಿನ ಮನೆಗಳನ್ನು ಲೂಪ್ ಮುಟ್ಟದ ಕಾರಣ, ಶುರುವಿನಲ್ಲಿ ಹೊಸದನ್ನು ಹಳೆಯದರ ಕ್ಲೋನ್ ಆಗಿ ಮಾಡಿಕೊಳ್ಳಿ. ಇಲ್ಲದಿದ್ದರೆ ಅಂಚು ಒಂದು ಸುತ್ತು ಬಿಟ್ಟು ಒಂದು ಸುತ್ತು ಸೊನ್ನೆಯಾಗುತ್ತದೆ.

ಎರಡು ಅರೇ ಆದ ಮೇಲೆ ಪೋಡಿಯೂ ಬೇಡ! ಅರೇಗಳನ್ನು ಜೊತೆಜೊತೆಯಾಗಿ ಓಡಿಸುವ ‘ಜಿಪ್’ ತೆಗೆದುಕೊಳ್ಳಿ. ಒಂದು ಕಡೆ ಹೊಸ ಅರೇಯ ಒಳಭಾಗದ ‘ಸ್ಲೈಸ್_ಮ್ಯೂಟ್’, ಎರಡೂ ಆಕ್ಸಿಸ್‌ನಲ್ಲಿ 1ರಿಂದ -1ರವರೆಗೆ. ಇನ್ನೊಂದು ಕಡೆ ಹಳೆಯದರ ಮೂರು-ಮೂರರ ‘ವಿಂಡೋಸ್’, ಅಂದರೆ ಒಂದೊಂದು ಮನೆ ಸರಿಯುತ್ತಾ ಹೋಗುವ ಕಿಟಕಿಗಳು. ಎರಡೂ 1022 ಗುಣಿಸು 1022, ಸರಿಯಾಗಿ ಹೊಂದುತ್ತವೆ. ಪ್ರತಿ ಕಿಟಕಿಯ ನಡುವಿನ ಮನೆಯ ಇಂಡೆಕ್ಸ್ 1, 1. ಮುಂದೆ ರೇಯಾನ್ ಫೀಚರ್ ಹಾಕಿಕೊಂಡರೆ ‘ಫಾರ್_ಈಚ್’ ಇದ್ದ ಕಡೆ ‘ಪಾರ್_ಫಾರ್_ಈಚ್’ ಬರೆದರೆ ಸಾಕು, ಎಲ್ಲಾ ಕೋರ್‌ಗಳಿಗೂ ಕೆಲಸ ಸಿಗುತ್ತದೆ.

ಹೊಸಬ_ರಸ್ಟ್

ಗುಂಡಗೆ ಬಂತು! ಹಾಗಾದರೆ ನಾನು ಎರಡು ದಿನ ಬಾರೋ ಚೆಕರ್ (ಎರವಲು ತಪಾಸಣೆ ಮಾಡುವ ಕಂಪೈಲರಿನ ಭಾಗ) ಜೊತೆ ಜಗಳ ಆಡಿದ್ದು ತಪ್ಪು ಲೆಕ್ಕವನ್ನು ಉಳಿಸಿಕೊಳ್ಳುವುದಕ್ಕೆ.

ಕೊನೆಯದಾಗಿ ಒಂದು. ಗ್ರಾಫಿಗೆ ಅಂತ ಒಂದು ಕಾಲಂ ತೆಗೆದು ‘ಆ್ಯಸ್_ಸ್ಲೈಸ್_ಮ್ಯೂಟ್’ ಕರೆದರೆ ನನ್ (None, ಅಂದರೆ ಏನೂ ಸಿಗಲಿಲ್ಲ) ಬರುತ್ತದೆ. ಸಾಲಿಗೆ ಬರಲ್ಲ. ಜೊತೆಗೆ ಇಡೀ ಪ್ರೋಗ್ರಾಂ ನಂಪೈಗಿಂತ ನಿಧಾನ ಓಡುತ್ತಿದೆ.

ಸಿ_ಬಿಟ್ಟವಳು

ಕಾಲಂನ ಎರಡು ಮನೆಗಳ ನಡುವೆ ಒಂದು ಇಡೀ ಸಾಲು ಇದೆ, 8192 ಬೈಟ್. ಸ್ಲೈಸ್ ಅಂದರೆ ಬಿಡುವಿಲ್ಲದೆ ಸಾಲಾಗಿ ಕೂತಿರಬೇಕು, ಅದಕ್ಕೇ ನನ್. ಸ್ಲೈಸೇ ಬೇಕಿದ್ದರೆ ‘ಟು_ವೆಕ್’ ಮಾಡಿ, ಗ್ರಾಫಿಗೆ ತಾನೇ.

ನಿಧಾನದ ವಿಷಯ: ಕಾರ್ಗೋ ರನ್ ಮುಂದೆ ರಿಲೀಸ್ ಫ್ಲ್ಯಾಗ್ (ವೇಗವಾಗಿ ಓಡುವ ಹಾಗೆ ಕಂಪೈಲ್ ಮಾಡಲು) ಹಾಕಿದ್ದೀರಾ?

ಹೊಸಬ_ರಸ್ಟ್

…ಇಲ್ಲ.

ಹೊಸಬ_ರಸ್ಟ್

ಹಾಕಿದೆ. ಈಗ ಚಿತ್ರ ಬಿಡಿಸುವ ಕೋಡ್ ಹಿಂದೆ ಬಿದ್ದಿದೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.